ಬೆಣ್ಣೆಗೆ ಗೊತ್ತಾಗದ ಕೈ

ಬೆಳಕು ಇನ್ನೂ ಕಿಟಕಿಯ ಹತ್ತಿರ ಬಂದಿಲ್ಲ. ಅಡುಗೆಮನೆಯ ಒಂಟಿ ಬಲ್ಬಿನ ಕೆಳಗೆ, ಹಳೆಯ ಮೇಜಿನ ಎರಡು ಬದಿಯಲ್ಲಿ ಇಬ್ಬರು ಹೆಂಗಸರು ನಿಂತಿದ್ದಾರೆ. ಈ ಬದಿಯವರು ಸೇಬು ಹೆಚ್ಚುತ್ತಿದ್ದಾರೆ. ಹಣ್ಣಿಗೆ ಏಟು ಬಿದ್ದ ಜಾಗವನ್ನು ಚಾಕುವಿನ ತುದಿಯಿಂದ ಕೆತ್ತಿ ಬಿಸಾಡಿ, ಉಳಿದದ್ದನ್ನು ಹೆಬ್ಬೆರಳಿನ ದಪ್ಪಕ್ಕೆ ಹೋಳು ಮಾಡಿ ಅಗಲವಾದ ತಟ್ಟೆಗೆ ಬೀಳಿಸುತ್ತಾರೆ. ಕಣ್ಣು ಮಾತ್ರ ಹಣ್ಣಿನ ಮೇಲಿಲ್ಲ, ಎದುರಿನವರ ಕೈ ಮೇಲಿದೆ. ಎದುರಿನವರ ಮುಂದೆ ಒಂದು ದೊಡ್ಡ ಪಾತ್ರೆ. ಪಾತ್ರೆಯಲ್ಲಿ ಮೈದಾ, ಸಕ್ಕರೆ, ಚೌಕ ಚೌಕವಾಗಿ ಕತ್ತರಿಸಿದ ಗಟ್ಟಿ ಬೆಣ್ಣೆ. ಅದರೊಳಗೆ ಹತ್ತು ತೆಳ್ಳನೆಯ ಬೆರಳು.

"ಒತ್ತಬೇಡ ಕಣೇ."

"ಒತ್ತಲಿಲ್ಲ."

"ಒತ್ತಿದೆ. ನೋಡ್ದೆ ನಾನು."

"ನೀವು ಸೇಬು ನೋಡಿ ಅಕ್ಕಾ. ಬೆರಳು ಹೆಚ್ಚಿಕೊಂಡೀರಿ. ಆಮೇಲೆ ಡ್ರೈವರುಗಳು ಅದನ್ನೂ ಹಣ್ಣು ಅಂತ ತಿಂದುಬಿಡ್ತಾರೆ."

ಸೇಬು ಹೆಚ್ಚುವವರಿಗೆ ನಗು ಬರುತ್ತದೆ, ಆದರೆ ನಗುವಷ್ಟು ತ್ರಾಣವಿಲ್ಲ. ಗೋಡೆಗೆ ಒರಗಿ ಒಂದು ಉಸಿರು ಬಿಟ್ಟು ಮತ್ತೆ ಚಾಕು ಎತ್ತಿಕೊಳ್ಳುತ್ತಾರೆ. ಎದುರಿಗಿರುವುದು ಅವರ ಓರಗಿತ್ತಿ, ಮೈದುನನ ಹೆಂಡತಿ. ಮಹಡಿಯ ಮೇಲಿನ ಎರಡು ಕೋಣೆ ಅವರದು, ಕೆಳಗಿನ ಎರಡು ಇವರದು. ನಡುವೆ ಇರುವುದು ಹೊರಗಿನ ಒಂದು ಕಿರಿದಾದ ಮೆಟ್ಟಿಲು ಮತ್ತು ಹಲವು ವರ್ಷಗಳ ಬಿಗುಮಾನ.

ಸೇಬು ಹೆಚ್ಚುವ ಈಕೆ ಬಸ್ ನಿಲ್ದಾಣದ ಟೀ ಅಂಗಡಿಯವರಿಗೆ 'ಪುಡಿಯಕ್ಕ'. ಹಣ್ಣಿನ ಹೋಳುಗಳನ್ನು ತಟ್ಟೆಯಲ್ಲಿ ಹರಡಿ, ಮೈದಾ, ಸಕ್ಕರೆ, ಬೆಣ್ಣೆಗಳನ್ನು ಬೆರಳ ತುದಿಯಲ್ಲಿ ಉಜ್ಜಿ ಮಾಡಿದ ಉದುರು ಪುಡಿಯನ್ನು ಅದರ ಮೇಲೆ ದಪ್ಪಗೆ ಮುಚ್ಚಿ, ಓವನ್ನಿನಲ್ಲಿ ಬೇಯಿಸುವ ಸಿಹಿಯೊಂದನ್ನು ಅವರು ಮಾಡುತ್ತಾರೆ. ಕೆಳಗೆ ಹಣ್ಣು ರಸ ಬಿಟ್ಟುಕೊಂಡು ಮೆತ್ತಗಾಗುತ್ತದೆ, ಮೇಲೆ ಪುಡಿ ಕೆಂಪಗೆ ಗರಿಗರಿಯಾಗುತ್ತದೆ. ಅದರ ಹೆಸರು ಕ್ರಂಬಲ್. ನಿಲ್ದಾಣದ ಟೀ ಅಂಗಡಿಯಲ್ಲಿ ಆ ಹೆಸರು ಯಾರ ನಾಲಿಗೆಗೂ ಒಗ್ಗಲಿಲ್ಲ. 'ಒಂದು ಟೀ, ಒಂದು ಪುಡಿ' ಎನ್ನುವುದೇ ರೂಢಿಯಾಯಿತು. ಮೊದಲ ಬಸ್ಸು ಹೊರಡುವ ಮುಂಚೆ ಡ್ರೈವರು, ಕಂಡಕ್ಟರು, ರಾತ್ರಿ ಪಾಳಿ ಮುಗಿಸಿದ ಮೆಕ್ಯಾನಿಕ್ಕು, ಬಸ್ಸು ಕಾಯುವ ಪ್ರಯಾಣಿಕರು ನಿಂತಲ್ಲೇ ಸ್ಟೀಲ್ ಬಟ್ಟಲಿನಲ್ಲಿ ಅದನ್ನು ತಿನ್ನುತ್ತಾರೆ. ಮಾಡಿದವರು ಯಾರು ಎಂದು ಕೇಳುವಷ್ಟು ಹೊತ್ತು ಅವರಲ್ಲಿ ಯಾರಿಗೂ ಇಲ್ಲ.

ಇವತ್ತು ಸೋಮವಾರ. ಹೋದ ವಾರ ಪುಡಿಯಕ್ಕ ಕೊಟ್ಟ ತಟ್ಟೆಗಳು ಕೆಟ್ಟಿದ್ದವು. ಟೀ ಅಂಗಡಿಯವರು ಮುಖ ಮುರಿದು ಮಾತಾಡುವ ಜನವಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿದರು. "ಸ್ವಲ್ಪ ದಿನ ಬಿಟ್ಟುಬಿಡಿ ಅಕ್ಕ. ಸೋಮವಾರ ತನ್ನಿ, ನೋಡೋಣ. ಮೊದಲಿನ ಹಾಗೆ ಆದರೆ ಸರಿ. ಇಲ್ಲಾಂದ್ರೆ ನಾನು ಪ್ಯಾಕೆಟ್ ಕೇಕಿಗೆ ಹೇಳಿಬಿಡ್ತೀನಿ. ಬೇಜಾರು ಮಾಡ್ಕೋಬೇಡಿ." ಮನೆಗೆ ಬಂದು ಪುಡಿಯಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಮಲಗಿದರು. ಅಷ್ಟು ದಣಿವಿತ್ತು ಅವರಿಗೆ. ಎದ್ದ ಮೇಲೆ ಭಯವಾಯಿತು.

ಆ ಭಯಕ್ಕೆ ಕಾರಣ ಅವರ ಎರಡು ಅಂಗೈ.

ಈ ಸಿಹಿಯ ಗುಟ್ಟು ಹಣ್ಣಿನಲ್ಲಿಲ್ಲ, ಪುಡಿಯಲ್ಲಿದೆ. ಬೆಣ್ಣೆ ಗಟ್ಟಿಯಾಗಿಯೇ ಉಳಿದು, ಚೂರು ಚೂರಾಗಿ, ಪ್ರತಿ ಚೂರಿಗೂ ಹಿಟ್ಟು ಮೆತ್ತಿಕೊಳ್ಳಬೇಕು. ಆಗ ಓವನ್ನಿನ ಬಿಸಿಯಲ್ಲಿ ಬೆಣ್ಣೆ ಕರಗಿ ಆರುವಾಗ, ಅದಿದ್ದ ಜಾಗ ಪೊಳ್ಳಾಗಿ ಪುಡಿ ಗರಿಗರಿಯಾಗಿ ನಿಲ್ಲುತ್ತದೆ. ಕೈಯಲ್ಲೇ ಬೆಣ್ಣೆ ಕರಗಿಬಿಟ್ಟರೆ ಹಿಟ್ಟು ಅದನ್ನು ಕುಡಿದು ಮುದ್ದೆಯಾಗುತ್ತದೆ. ಒಮ್ಮೆ ಮುದ್ದೆಯಾದದ್ದನ್ನು ಯಾರೂ ಮತ್ತೆ ಪುಡಿ ಮಾಡಲಾರರು. ಮನುಷ್ಯನ ಮೈಯ ಬಿಸಿಗೂ ಬೆಣ್ಣೆ ಕರಗುವ ಬಿಸಿಗೂ ನಡುವೆ ಇರುವ ಅಂತರ ಬಹಳ ಕಡಿಮೆ. ಬೆರಳ ತುದಿ ಮೈಗಿಂತ ಒಂದಿಷ್ಟು ತಣ್ಣಗಿರುತ್ತದೆ ಎಂಬ ಸಣ್ಣ ಅನುಕೂಲದ ಮೇಲೆಯೇ ಈ ಕೆಲಸವೆಲ್ಲ ನಿಂತಿದೆ.

ಆ ಅನುಕೂಲ ಪುಡಿಯಕ್ಕನವರಿಗೆ ತಪ್ಪಿಹೋಗಿದೆ. ಐವತ್ತು ದಾಟಿದ ಮೇಲೆ ಮುಟ್ಟು ನಿಂತಿತು, ಅದರ ಹಿಂದೆಯೇ ಬಿಸಿ ಶುರುವಾಯಿತು. ಹೇಳದೆ ಕೇಳದೆ ಎದೆಯಿಂದ ಎದ್ದು ಕುತ್ತಿಗೆಗೆ ಏರಿ, ಕೆನ್ನೆಗೆ ಹಬ್ಬಿ, ಅಂಗೈಗೆ ಇಳಿಯುತ್ತದೆ. ಅದು ಹೆಚ್ಚಾಗಿ ಬರುವುದು ನಸುಕಿನಲ್ಲೇ, ಕೆಲಸದ ಹೊತ್ತಿನಲ್ಲೇ, ಓವನ್ನಿನ ಪಕ್ಕದಲ್ಲೇ.

"ಒಳಗೊಂದು ಓವನ್ನು, ಹೊರಗೊಂದು ಓವನ್ನು. ಹೊರಗಿನದಕ್ಕೆ ಆರಿಸೋ ಗುಂಡಿ ಇದೆ" ಎನ್ನುತ್ತಾರೆ ಪುಡಿಯಕ್ಕ, ಪತ್ರಿಕೆಗೆ ಬರೆದುಕೊಳ್ಳಲು ಬಂದು ಮೂಲೆಯಲ್ಲಿ ಕೂತ ನನಗೆ. "ಡಾಕ್ಟರಮ್ಮನ ಹತ್ರ ಹೋದೆ. ಇದು ಕಾಯಿಲೆ ಅಲ್ಲ, ವಯಸ್ಸು, ಬರುತ್ತೆ, ಇರುತ್ತೆ, ಹೋಗುತ್ತೆ ಅಂದ್ರು. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೂತೋರ ಥರಾನೇ ಹೇಳಿದ್ರು. ಯಾವಾಗ ಹೋಗುತ್ತೆ ಅಂತ ಕೇಳಿದ್ರೆ ಅವರಿಗೂ ಗೊತ್ತಿಲ್ಲ."

ಅವರು ಈ ಕೆಲಸ ಕಲಿತದ್ದು ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ. ಮದುವೆಯಾದ ಹೊಸತರಲ್ಲಿ ಪಾತ್ರೆ ತೊಳೆಯಲು ಸೇರಿದವರು. ಅಲ್ಲಿನ ಹಿರಿಯ ಅಡುಗೆಯವರು ಮಾತು ಕಡಿಮೆಯ ಹೆಂಗಸು. ವಾರಕ್ಕೊಮ್ಮೆ, ಮಿಕ್ಕ ಹಣ್ಣೆಲ್ಲ ಸೇರಿಸಿ ಮಕ್ಕಳಿಗೆ ಈ ಸಿಹಿ ಮಾಡುತ್ತಿದ್ದರು. ಒಂದು ದಿನ ಸಹಾಯಕ್ಕೆ ಯಾರೂ ಬರಲಿಲ್ಲವೆಂದು ಇವರನ್ನು ಕರೆದು ಪಾತ್ರೆ ಮುಂದಿಟ್ಟರು. ಇವರು ಹಿಟ್ಟು ನಾದುವಂತೆ ನಾದಲು ಹೋದಾಗ ಕೈ ಮೇಲೆ ಸೌಟಿನಿಂದ ಮೆಲ್ಲಗೆ ತಟ್ಟಿ ಒಂದೇ ಮಾತು ಹೇಳಿದರಂತೆ: "ನೀನು ಬಂದಿದ್ದು ಬೆಣ್ಣೆಗೆ ಗೊತ್ತಾಗಬಾರದು." ಅದಕ್ಕಿಂತ ಹೆಚ್ಚಿನ ಪಾಠ ಆಗಲಿಲ್ಲ. ನಿಲಯ ಮುಚ್ಚಿಹೋದಾಗ ಕೊನೆಯ ಸಂಬಳದ ಬದಲಿಗೆ ಪುಡಿಯಕ್ಕ ಕೇಳಿ ತಂದದ್ದು ಅಲ್ಲಿನ ಹಳೆಯ ಓವನ್ನು. ಅದರ ಬಾಗಿಲು ತಾನಾಗಿ ಮುಚ್ಚುವುದಿಲ್ಲ, ಮರದ ಬೆಣೆ ಸಿಕ್ಕಿಸಬೇಕು. ಹಿಂಬದಿಯ ಎಡಮೂಲೆಯಲ್ಲಿ ಉರಿ ಜಾಸ್ತಿ. ಅಲ್ಲಿಟ್ಟ ತಟ್ಟೆಯನ್ನು ನಡುವೆ ಒಮ್ಮೆ ತಿರುಗಿಸದಿದ್ದರೆ ಒಂದು ಅಂಚು ಕರಟುತ್ತದೆ. "ನಮ್ಮ ಯಜಮಾನರ ಥರ. ಎಲ್ಲಾ ಸರಿ, ಒಂದು ಮೂಲೆ ಮಾತ್ರ ಮುಟ್ಟೋ ಹಾಗಿಲ್ಲ" ಎಂದು ಅವರು ಹೇಳುವುದು ಯಜಮಾನರ ಎದುರಿಗೇ.

ಯಜಮಾನರು ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಹಮಾಲಿ. ಪೆಟ್ಟಿಗೆ ಇಳಿಸುವಾಗ ಏಟು ತಿಂದ ಸೇಬು, ಮರಸೇಬು, ಪ್ಲಮ್ಮುಗಳನ್ನು ಅಂಗಡಿಯವರು ಅಗ್ಗಕ್ಕೆ ಬಿಟ್ಟುಕೊಡುತ್ತಾರೆ. ಅವನ್ನು ಯಜಮಾನರು ಚೀಲದಲ್ಲಿ ಹಾಕಿ ಸೈಕಲ್ಲಿಗೆ ನೇತುಹಾಕಿಕೊಂಡು ತರುತ್ತಾರೆ. ಬೆನ್ನು ಹಿಡಿದುಕೊಂಡ ಮೇಲೆ ದಿನಾ ಕೆಲಸಕ್ಕೆ ಹೋಗುವುದು ಆಗುತ್ತಿಲ್ಲ. ಹೀಗಾಗಿ ಈ ಮನೆ ನಿಂತಿರುವುದು ದಿನಕ್ಕೆ ನಾಲ್ಕು ತಟ್ಟೆ ಪುಡಿಯ ಮೇಲೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಯಜಮಾನರು ನೋವಿರುವ ಬೆನ್ನನ್ನೇ ಹೊತ್ತುಕೊಂಡು ಮಾರುಕಟ್ಟೆಗೆ ಹೊರಟುಬಿಡುತ್ತಾರೆ ಎಂಬ ಹೆದರಿಕೆ.

ಬಿಸಿ ಶುರುವಾದ ಮೇಲೆ ಪುಡಿಯಕ್ಕ ಮಾಡದ ಉಪಾಯವಿಲ್ಲ. ಮಿಕ್ಸಿಗೆ ಹಾಕಿದರು, ಎರಡು ಸುತ್ತಿಗೇ ಎಲ್ಲ ಒಂದೇ ಸಮ ಮರಳಾಗಿ, ದಪ್ಪ ಚೂರು ಒಂದೂ ಉಳಿಯದೆ, ಬೆಂದ ಮೇಲೆ ಬಾಯಿಗೆ ಧೂಳು ಹಾಕಿಕೊಂಡಂತಾಯಿತು. ಎರಡು ಫೋರ್ಕುಗಳಲ್ಲಿ ಕತ್ತರಿಸಿ ನೋಡಿದರು. ಒಂದು ತಟ್ಟೆಗೇ ಭುಜ ಬಿದ್ದುಹೋಯಿತು. ಯಜಮಾನರ ಕೈ ಹಾಕಿಸಿದರು. "ಅವರ ಅಂಗೈ ಬಿರುಕಲ್ಲಿ ಅರ್ಧ ಹಿಟ್ಟು ಕೂತ್ಕೊಳ್ತು. ಇನ್ನರ್ಧ ಮೀಸೆ ಮೇಲೆ. ಬೆಣ್ಣೆ ಹಾಗೇ ಉಳೀತು" ಎನ್ನುತ್ತಾರೆ. ಕೊನೆಗೆ ಐಸ್ ನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡು, ಕೈ ಅದ್ದಿ, ಒರೆಸಿ, ಉಜ್ಜಿ, ಮತ್ತೆ ಅದ್ದುವುದು ಒಂದು ಮಟ್ಟಿಗೆ ನಡೆಯಿತು. ನಿಧಾನವಾದರೂ ಕೆಲಸವಾಗುತ್ತಿತ್ತು.

ಹೋದ ವಾರ ಒಂದು ಬೆಳಿಗ್ಗೆ ಬಿಸಿ ಮೇಲಿಂದ ಮೇಲೆ ಬಂತು. ರಾತ್ರಿಯೆಲ್ಲ ನಿದ್ದೆಯಿಲ್ಲ. ಅದ್ದಿದ ಕೈಯನ್ನು ಒರೆಸುವುದು ಮರೆತುಹೋಯಿತು, ಒಮ್ಮೆಯಲ್ಲ, ಹಲವು ಸಲ. ನೀರು ಹಿಟ್ಟಿಗೆ ಸೇರಿತು. ನೀರು ಸೇರಿದ ಮೈದಾವನ್ನು ಉಜ್ಜಿದಷ್ಟೂ ಅದು ಜಿಗುಟಾಗುತ್ತದೆ, ಬೆಂದ ಮೇಲೆ ಹಲಗೆಯಂತಾಗುತ್ತದೆ. ಅವರಿಗೆ ಅದು ಗೊತ್ತಿತ್ತು, ಕೈಗೂ ತಿಳಿದಿತ್ತು. ಆದರೆ ಮತ್ತೆ ಹೊಸದಾಗಿ ಮಾಡಲು ಬೆಣ್ಣೆಯೂ ಇರಲಿಲ್ಲ, ಬಸ್ಸು ಹೊರಡುವ ಮುಂಚೆ ಹೊತ್ತೂ ಇರಲಿಲ್ಲ. ಏನಾದರಾಗಲಿ ಎಂದು ಚಿವುಟಿ ಚಿವುಟಿ ಹಣ್ಣಿನ ಮೇಲೆ ಹರಡಿ ಓವನ್ನಿಗೆ ತಳ್ಳಿದರು.

ಅವತ್ತು ಟೀ ಅಂಗಡಿಯಲ್ಲಿ ನಡೆದದ್ದನ್ನು ಅವರೇ ನಟಿಸಿ ತೋರಿಸುತ್ತಾರೆ. ಒಬ್ಬ ಕಂಡಕ್ಟರ್ ಬಟ್ಟಲು ತೆಗೆದುಕೊಂಡು ಚಮಚದಿಂದ ಮೇಲೆ ಕುಟ್ಟಿದನಂತೆ. ಟಕ್ ಟಕ್. ಕಿವಿಗೊಟ್ಟು, "ಒಳಗೆ ಯಾರ್ರೀ? ಬಾಗಿಲು ತೆಗೀರಿ, ಟಿಕೆಟ್ ತೋರಿಸಿ" ಅಂದನಂತೆ. ಅಂಗಡಿ ತುಂಬ ನಗು. ಇನ್ನೊಬ್ಬ ಡ್ರೈವರ್, "ಹಾರ್ನ್ ಹೊಡಿ, ಎದ್ದೇಳ್ತಾರೆ" ಅಂದ. ಪುಡಿಯಕ್ಕ ಅಲ್ಲೇ ಖಾಲಿ ತಟ್ಟೆಗೆ ಕಾಯುತ್ತ ನಿಂತಿದ್ದರು. ಅವರೂ ನಕ್ಕರು. "ನಗದೆ ಏನ್ಮಾಡ್ಲಿ? ಮಾಡಿದೋಳು ನಾನೇ ಅಂತ ಅವನಿಗೆ ಗೊತ್ತಿಲ್ವಲ್ಲ." ಮರುದಿನವೂ ಹೆಚ್ಚುಕಡಿಮೆ ಅದೇ ಕತೆಯಾಯಿತು. ಆಮೇಲೆಯೇ ಅಂಗಡಿಯವರು ಸೋಮವಾರದ ಮಾತು ಆಡಿದ್ದು.

ತಣ್ಣಗಿನ ಕೈಯೊಂದು ಮಹಡಿಯ ಮೇಲೆಯೇ ಇದೆ ಎಂಬುದು ಪುಡಿಯಕ್ಕನವರಿಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಮೊದಲ ದಿನವೇ ಹೊಳೆದಿತ್ತು. ಕೇಳುವ ಬಾಯಿ ಇರಲಿಲ್ಲ.

ಓರಗಿತ್ತಿಯ ಕೈ ಯಾವ ಕಾಲದಲ್ಲೂ ತಣ್ಣಗೆ. ಬೆರಳಿಗೆ ರಕ್ತ ಓಡುವುದು ಕಡಿಮೆ. ಚಳಿ ಹೆಚ್ಚಾದರೆ ತುದಿಗಳು ಬಿಳುಚಿಕೊಳ್ಳುತ್ತವೆ. ಆಕೆ ಮದುವೆಯಾಗಿ ಈ ಮನೆಗೆ ಬಂದಾಗ ಕೈ ಹಿಡಿದು ಒಳಗೆ ಕರೆದುಕೊಂಡವರು ಪುಡಿಯಕ್ಕ. ಹಿಡಿದವರು ಬೆಚ್ಚಿ, "ಅಯ್ಯೋ, ಇದೇನೇ, ಐಸ್‌ಪೆಟ್ಟಿಗೆ!" ಎಂದುಬಿಟ್ಟರು. ಮಾತು ತಮಾಷೆಗೆ ಬಂದದ್ದು. ಆದರೆ ಮನೆಯವರೆಲ್ಲ ಅದನ್ನೇ ಹಿಡಿದುಕೊಂಡರು. ಗಂಡ, ಭಾವ, ಆಮೇಲೆ ಹುಟ್ಟಿದ ಮಕ್ಕಳು ಎಲ್ಲರ ಬಾಯಲ್ಲೂ ಐಸ್‌ಪೆಟ್ಟಿಗೆ. ಆಕೆ ಒಂದು ದಿನವೂ ಬೇಡ ಎನ್ನಲಿಲ್ಲ, ಒಂದು ದಿನವೂ ನಗಲಿಲ್ಲ.

ಅತ್ತೆ ಹಾಸಿಗೆ ಹಿಡಿದಾಗ ಒಂದು ವರ್ಷ ಮೈ ಒರೆಸಿ, ಬಟ್ಟೆ ಬದಲಿಸಿ, ಬಾಯಿಗೆ ಗಂಜಿ ಹಾಕಿದವರು ಪುಡಿಯಕ್ಕ. ಕೊನೆಯ ಜ್ವರದಲ್ಲಿ ಅತ್ತೆ ಕಣ್ಣು ಬಿಟ್ಟು ಕೇಳಿದ್ದು, "ಚಿಕ್ಕವಳನ್ನ ಕರಿ. ಅವಳ ಕೈ ಹಣೆ ಮೇಲೆ ಇಡಿಸು. ನಿನ್ನ ಕೈ ಬೇಡ, ಸುಡುತ್ತೆ." ಜ್ವರ ಬಂದವರಿಗೆ ತಣ್ಣನೆ ಕೈ ಹಿತ, ಅದರಲ್ಲಿ ಬೇರೆ ಅರ್ಥ ಹುಡುಕುವುದು ಸಲ್ಲದು. ಪುಡಿಯಕ್ಕನವರಿಗೂ ಅದು ತಿಳಿಯುತ್ತದೆ. ತಿಳಿದರೂ ಅಂದಿನಿಂದ ಐಸ್‌ಪೆಟ್ಟಿಗೆ ಎಂಬ ಮಾತಿನಲ್ಲಿ ತಮಾಷೆ ಉಳಿಯಲಿಲ್ಲ. ಅತ್ತೆ ಹೋದ ಮೇಲೆ ಕೆಳಗಿನವರು ಕೆಳಗೆ, ಮೇಲಿನವರು ಮೇಲೆ. ನೀರು ಬಂತು, ಗ್ಯಾಸಿನವನು ಬಂದ, ಬಟ್ಟೆ ತೆಗೀರಿ ಮಳೆ ಬರ್ತಿದೆ. ಇಷ್ಟೇ ಮಾತು, ಅದೂ ಮೆಟ್ಟಿಲಿನ ಮೂಲಕ.

ಅಂಗಡಿಯವರು ಸೋಮವಾರ ಎಂದ ಮರುದಿನ ನಸುಕಿನಲ್ಲಿ ಪುಡಿಯಕ್ಕ ಪರೀಕ್ಷೆಗೆಂದು ಒಂದು ಹಿಡಿ ಬೆಣ್ಣೆ, ಎರಡು ಹಿಡಿ ಹಿಟ್ಟು ಇಟ್ಟುಕೊಂಡು ಹಿತ್ತಿಲ ಬಾಗಿಲಲ್ಲಿ ಕೂತಿದ್ದರು. ಬಿಸಿ ಬಂತು. ಪಾತ್ರೆ ಪಕ್ಕಕ್ಕಿಟ್ಟು, ಎರಡು ಅಂಗೈಯನ್ನೂ ತಣ್ಣನೆಯ ಸಿಮೆಂಟು ನೆಲಕ್ಕೆ ಒತ್ತಿ, ತಲೆ ತಗ್ಗಿಸಿ ಕೂತರು. ಅಷ್ಟರಲ್ಲಿ ಓರಗಿತ್ತಿ ನಲ್ಲಿಯಲ್ಲಿ ನೀರು ಹಿಡಿಯಲು ಬಕೆಟ್ಟು ಹಿಡಿದು ಇಳಿದು ಬಂದರು.

"ಏನಕ್ಕಾ, ನೆಲಕ್ಕೆ ಇಸ್ತ್ರಿ ಹಾಕ್ತಿದ್ದೀರಾ?"

"ಹೂಂ. ನಿನ್ನ ಬಟ್ಟೆ ಇದ್ರೂ ತಂದು ಹಾಸು."

ಬಕೆಟ್ಟು ತುಂಬಿತು. ಓರಗಿತ್ತಿ ನಲ್ಲಿ ನಿಲ್ಲಿಸಿ, ಪಾತ್ರೆಯಲ್ಲಿ ಅರ್ಧ ಕರಗಿದ ಬೆಣ್ಣೆಯನ್ನು ನೋಡಿದರು, ನೆಲಕ್ಕೆ ಒತ್ತಿದ ಕೈಯನ್ನು ನೋಡಿದರು. ಮನೆಯಲ್ಲಿ ಏನು ನಡೆಯುತ್ತಿದೆಯೆಂದು ಮೇಲಿನವರಿಗೆ ಗೊತ್ತಿಲ್ಲದೆ ಇರಲಿಲ್ಲ. ಯಜಮಾನರು ತಮ್ಮನ ಹತ್ತಿರ ಎಲ್ಲವನ್ನೂ ಹೇಳಿಕೊಂಡಿದ್ದರು.

"ಐಸ್‌ಪೆಟ್ಟಿಗೆ ಬೇಕಿತ್ತಾ?" ಎಂದರು ಓರಗಿತ್ತಿ.

ಪುಡಿಯಕ್ಕ ತಲೆ ಎತ್ತಲಿಲ್ಲ. "ಬೇಕಿತ್ತು" ಎಂದರು.

ಇದನ್ನು ಹೇಳುವಾಗ ಪುಡಿಯಕ್ಕ ಸೇಬು ಹೆಚ್ಚುವುದನ್ನು ನಿಲ್ಲಿಸುತ್ತಾರೆ. "ಆ ಮಾತು ಆಡೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ? ನಾಲ್ಕು ತಟ್ಟೆ ಮಾಡೋದು ಸುಲಭ." ಎದುರಿನ ಓರಗಿತ್ತಿ ಪಾತ್ರೆಯಿಂದ ಕಣ್ಣು ತೆಗೆಯುವುದಿಲ್ಲ. "ನಂಗೂ ಕೇಳೋಕೆ ಸುಲಭ ಇರಲಿಲ್ಲ ಬಿಡಿ. ಮೆಟ್ಟಿಲು ಇಳೀತಾ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ" ಎನ್ನುತ್ತಾರೆ.

ಕಲಿಸುವುದೇನೂ ಸಲೀಸಾಗಿ ನಡೆಯಲಿಲ್ಲ. ಓರಗಿತ್ತಿ ಮನೆಯಲ್ಲೇ ಮಕ್ಕಳ ಫ್ರಾಕು ಹೊಲಿದು ಬದುಕುವವರು. ಬೆರಳಿಗೆ ಬಟ್ಟೆ ಬಿಗಿಯಾಗಿ ಹಿಡಿದೇ ಅಭ್ಯಾಸ. ಮೊದಲ ಸಲ ಬೆಣ್ಣೆಯನ್ನೂ ಹಾಗೇ ಹಿಡಿದರು. ತಣ್ಣನೆಯ ಕೈಯಲ್ಲಿಯೂ ಅದು ಮುದ್ದೆಯಾಯಿತು. ಪುಡಿಯಕ್ಕ ತಾವು ಕಲಿತ ಪಾಠವನ್ನೇ ಒಪ್ಪಿಸಿದರು: "ಹಗುರಾಗಿ ಎತ್ತಿ ಉದುರಿಸಬೇಕು ಕಣೇ. ನೀನು ಬಂದಿದ್ದು ಬೆಣ್ಣೆಗೆ ಗೊತ್ತಾಗಬಾರದು."

"ನಾನು ಈ ಮನೆಗೆ ಬಂದಿದ್ದೇ ಯಾರಿಗೂ ಗೊತ್ತಾಗಲಿಲ್ಲ. ಬೆಣ್ಣೆಗೆ ಎಲ್ಲಿ ಗೊತ್ತಾಗುತ್ತೆ?"

ಪುಡಿಯಕ್ಕ ಎದ್ದು ಹೋಗಿ ಟೀ ಮಾಡಿಕೊಂಡು ಬಂದು, ಮೊದಲ ಲೋಟವನ್ನು ಓರಗಿತ್ತಿಯ ಮುಂದಿಟ್ಟರು. ಲೋಟ ಹಿಡಿದರೆ ಬೆರಳು ಬಿಸಿಯಾಗುತ್ತದೆಂದು ನೆನಪಾಗಿ ತಕ್ಷಣ ಅದನ್ನು ವಾಪಸ್ಸು ಎಳೆದುಕೊಂಡರು. "ಕೆಲಸ ಮುಗಿದ ಮೇಲೆ ಕುಡಿ." ಅಲ್ಲಿಗೆ ಇಬ್ಬರಿಗೂ ನಗು ಬಂತು. ಅತ್ತೆ ಹೋದ ಮೇಲೆ ಈ ಇಬ್ಬರು ಒಟ್ಟಿಗೆ ನಕ್ಕದ್ದು ಅದೇ ಮೊದಲು ಎಂದು ಯಜಮಾನರು ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಸಾಕ್ಷಿ ಹೇಳುತ್ತಾರೆ.

ಇವತ್ತಿನ ಪಾತ್ರೆಯಲ್ಲಿ ಪುಡಿ ಸಿದ್ಧವಾಗಿದೆ. ಓರಗಿತ್ತಿ ಪಾತ್ರೆಯನ್ನು ಎರಡು ಸಲ ಕುಲುಕುತ್ತಾರೆ. ದಪ್ಪ ಚೂರುಗಳು ಮೇಲೆ ಬರುತ್ತವೆ, ಸಣ್ಣವು ತಳ ಸೇರುತ್ತವೆ. ಪುಡಿಯಕ್ಕ ಬಗ್ಗಿ ನೋಡುತ್ತಾರೆ. ಮುಟ್ಟಬೇಕೆಂದು ಕೈ ಮುಂದೆ ಹೋಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಸೆರಗಿಗೆ ಒರೆಸಿಕೊಂಡು ಹಿಂದೆ ಬರುತ್ತದೆ. "ಹೂಂ. ಹಾಕು" ಎನ್ನುತ್ತಾರೆ. ಚೆನ್ನಾಗಿದೆ ಎನ್ನುವುದಿಲ್ಲ.

ತಟ್ಟೆಗಳು ಓವನ್ನಿಗೆ ಹೋಗುತ್ತವೆ. ಬೆಣೆ ಸಿಕ್ಕಿಸಿದ ಮೇಲೆ ಪುಡಿಯಕ್ಕನವರಿಗೆ ಒಂದು ಸ್ಟೂಲು. ಕಾಲು ಊದಿದೆ, ಒಂದರ ಮೇಲೊಂದು ಇಡುತ್ತಾರೆ, ಇಳಿಸುತ್ತಾರೆ. ಕಣ್ಣು ಮುಚ್ಚಿ ಕೂತಿದ್ದಾರೆ, ಆದರೆ ನಿದ್ದೆಯಲ್ಲ. ಹಣ್ಣಿನ ರಸ ಅಂಚಿನಲ್ಲಿ ಕುದಿಯುವ ಸದ್ದಿಗೆ ಕಾಯುತ್ತಿದ್ದಾರೆ. ಮರಸೇಬು ಜಾಸ್ತಿ ಇದ್ದರೆ ಸದ್ದು ಬೇಗ ಬರುತ್ತದೆ, ನೀರು ಜಾಸ್ತಿ, ಸೇಬಾದರೆ ತಡ. ಹಿಂದೆ ಬರೀ ಪರಿಮಳಕ್ಕೇ ಗೊತ್ತಾಗುತ್ತಿತ್ತಂತೆ. ಈಗ ಅದೇ ಪರಿಮಳದಲ್ಲಿ ದಿನವಿಡೀ ಇದ್ದು ಇದ್ದು ಮೂಗಿಗೆ ಯಾವುದೂ ಹೊಸದಾಗಿ ತಟ್ಟುವುದಿಲ್ಲ. ಬಿಸಿ ಮತ್ತೆ ಬರುತ್ತದೆ. ಕೆನ್ನೆ ಕೆಂಪೇರುತ್ತದೆ, ಹಣೆ ಬೆವರುತ್ತದೆ. ಓರಗಿತ್ತಿ ಬಂದು, ಹಿಟ್ಟು ಒರೆಸಿಕೊಂಡ ಅಂಗೈಯನ್ನು ಅವರ ಕತ್ತಿನ ಹಿಂಭಾಗಕ್ಕೆ ಇಡುತ್ತಾರೆ. ಪುಡಿಯಕ್ಕ ಕಣ್ಣು ತೆರೆಯುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಎಡಮೂಲೆ ತಟ್ಟೆ ತಿರುಗಿಸು" ಎನ್ನುತ್ತಾರೆ.

ನಿಲ್ದಾಣ ಮನೆಯಿಂದ ದೂರವಿಲ್ಲ, ಆದರೆ ದಾರಿ ಏರು. ತಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ, ಒಂದರ ಮೇಲೊಂದು ಜೋಡಿಸಿ, ತಳ್ಳುಗಾಡಿಯಲ್ಲಿಟ್ಟುಕೊಂಡು ಪುಡಿಯಕ್ಕ ಹೊರಡುತ್ತಾರೆ, ಜೊತೆಗೆ ನಾನು ಮಾತ್ರ. ನೀನೂ ಬಾ ಎಂದು ಕರೆದಾಗ ಓರಗಿತ್ತಿ ಒಪ್ಪಲಿಲ್ಲ. "ಚೆನ್ನಾಗಿಲ್ಲ ಅಂದ್ರೆ ನನ್ನ ಮುಖ ನೋಡಿ ನೀವು ಸುಳ್ಳು ಹೇಳ್ಬೇಕಾಗುತ್ತೆ. ಯಾಕೆ?" ಎಂದರು.

ಟೀ ಅಂಗಡಿಯ ಕಟ್ಟೆಯ ಮೇಲೆ ಬಟ್ಟಲುಗಳು ಸಾಲಾಗಿವೆ. ಗಾಜಿನ ಡಬ್ಬಿಯಲ್ಲಿ ಪ್ಯಾಕೆಟ್ ಕೇಕುಗಳೂ ಹಾಜರಿವೆ. ಅಂಗಡಿಯವರು ಮೊದಲ ಬಟ್ಟಲನ್ನು ತಮಗೇ ಹಾಕಿಕೊಳ್ಳುತ್ತಾರೆ. ಚಮಚ ಪುಡಿಯೊಳಗೆ ಸದ್ದು ಮಾಡುತ್ತ ಇಳಿಯುತ್ತದೆ, ಕೆಳಗಿನ ಹಣ್ಣಿನಲ್ಲಿ ಸದ್ದಿಲ್ಲದೆ ಮುಳುಗುತ್ತದೆ. ಅವರು ತಿನ್ನುತ್ತಾರೆ. ಇನ್ನೊಂದು ಚಮಚ ತಿನ್ನುತ್ತಾರೆ. ಪುಡಿಯಕ್ಕ ಅವರ ಬಾಯಿಯನ್ನು ನೋಡುವುದಿಲ್ಲ, ಗಾಡಿಯ ಚಕ್ರವನ್ನು ನೋಡುತ್ತಾರೆ. ಅಷ್ಟರಲ್ಲಿ ಅದೇ ಕಂಡಕ್ಟರ್ ಬರುತ್ತಾನೆ. ಬಟ್ಟಲು ಹಿಡಿದು ಚಮಚದಲ್ಲಿ ಕುಟ್ಟಲು ಹೋಗುತ್ತಾನೆ. ಚಮಚ ಒಳಗೇ ಹೋಗಿಬಿಡುತ್ತದೆ. "ಓಹೋ, ಇವತ್ತು ಬಾಗಿಲು ತೆರೆದೇ ಇದೆ!" ಎಂದು ನಿಂತಲ್ಲೇ ಖಾಲಿ ಮಾಡಿ ಓಡುತ್ತಾನೆ. ಅವನ ಬಸ್ಸು ಹೊರಟಿದೆ.

ದಿನಾ ಮೂಲೆಯ ಬೆಂಚಿನಲ್ಲಿ ಕೂತು ತಿನ್ನುವ ಹಿರಿಯ ಟಿಕೆಟ್ ತನಿಖಾಧಿಕಾರಿಯೊಬ್ಬರಿದ್ದಾರೆ. ಅವರು ಬಟ್ಟಲು ಕೆಳಗಿಟ್ಟು, ಯಾರಿಗೆಂದಲ್ಲದೆ, "ಮೊದಲಿಗಿಂತ ಚೆನ್ನಾಗಿದೆ ಕಣ್ರೀ" ಎನ್ನುತ್ತಾರೆ.

ಅಂಗಡಿಯವರು ತಲೆಯಾಡಿಸುತ್ತಾರೆ. "ಹೌದು, ನಂಗೂ ಹಾಗೇ ಅನ್ನಿಸ್ತು. ಏನು ಬದಲಾಯಿಸಿದ್ರಿ ಅಕ್ಕಾ? ಬೆಣ್ಣೆನಾ?"

"ಕೈ" ಎನ್ನುತ್ತಾರೆ ಪುಡಿಯಕ್ಕ.

"ನಾಳೆಯಿಂದ ಮೊದಲಿನ ಹಾಗೆ ನಾಲ್ಕೂ ತಟ್ಟೆ ತನ್ನಿ ಹಾಗಾದ್ರೆ." ಅವರು ಗಾಜಿನ ಡಬ್ಬಿಯನ್ನು ಕಟ್ಟೆಯ ಆಚೆ ಬದಿಗೆ ಸರಿಸುತ್ತಾರೆ.

ಇಳಿಜಾರಿನಲ್ಲಿ ಗಾಡಿ ತಾನಾಗಿ ಓಡುತ್ತದೆ, ಹಿಡಿದುಕೊಂಡರೆ ಸಾಕು. ಪುಡಿಯಕ್ಕನವರ ಮುಖದಲ್ಲಿ ಗೆದ್ದವರ ಕಳೆಯೇನೂ ಇಲ್ಲ. ಅರ್ಧ ದಾರಿಗೆ ಬಂದ ಮೇಲೆ, ಯಾರೂ ಕೇಳದೆಯೇ, "ಮೊದಲಿಗಿಂತ ಅಂದ್ರಲ್ಲ" ಎನ್ನುತ್ತಾರೆ. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಅಷ್ಟು ವರ್ಷ ನಾನು ಮಾಡಿದ್ದಕ್ಕೆ ಅವರು ಬಾಯೇ ಬಿಟ್ಟಿರಲಿಲ್ಲ. ಅದೂ ಚೆನ್ನಾಗಿತ್ತು ಅಂತ ಇವತ್ತು ಗೊತ್ತಾಯ್ತು, ಇದು ಅದಕ್ಕಿಂತ ಚೆನ್ನಾಗಿದೆಯಂತೆ." ಅವರ ದನಿಯಲ್ಲಿ ಹೊಟ್ಟೆಕಿಚ್ಚು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ಇರುವುದು ಸುಸ್ತು. ಹೊಟ್ಟೆಕಿಚ್ಚು ಪಡುವುದಕ್ಕೂ ಒಂದಿಷ್ಟು ಶಕ್ತಿ ಬೇಕಾಗುತ್ತದೆ.

ಮನೆಯ ಹಿತ್ತಿಲಲ್ಲಿ ಅವರು ತಟ್ಟೆ ತೊಳೆಯಲು ಕೂರುತ್ತಾರೆ. ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿದೆ. ಸದ್ದು ನಿಲ್ಲುತ್ತದೆ, ಓರಗಿತ್ತಿ ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾರೆ.

"ಏನಂದ್ರು ಅಕ್ಕಾ?"

"ನಾಳೆಗೂ ತನ್ನಿ ಅಂದ್ರು."

"ಅಷ್ಟೇನಾ?"

ಪುಡಿಯಕ್ಕ ತಟ್ಟೆಯ ಅಂಚಿಗೆ ಕಚ್ಚಿಕೊಂಡ ರಸವನ್ನು ಉಗುರಿನಿಂದ ಕೆರೆಯುತ್ತಾರೆ. ಅದು ಬಿಡುವವರೆಗೆ ಕೆರೆಯುತ್ತಾರೆ. ಹೇಳದೆ ಇದ್ದರೂ ಆಗುತ್ತಿತ್ತು, ಮೇಲಿನವರು ನಿಲ್ದಾಣಕ್ಕೆ ಹೋಗುವವರಲ್ಲ.

"ಮೊದಲಿಗಿಂತ ಚೆನ್ನಾಗಿದೆ ಅಂದ್ರು."

"ಮೊದಲು ಯಾರು ಮಾಡ್ತಿದ್ರಂತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಓರಗಿತ್ತಿ ಒಳಗೆ ಹೋಗುತ್ತಾರೆ. ಯಂತ್ರ ಮತ್ತೆ ಓಡತೊಡಗುತ್ತದೆ, ಮುಂಚಿಗಿಂತ ಜೋರಾಗಿ. "ನೋಡಿದ್ರಾ? ಇಷ್ಟು ವರ್ಷದ ಬಾಕಿ ಎಲ್ಲಾ ಒಂದೊಂದಾಗಿ ತೀರಿಸ್ತಿದ್ದಾಳೆ" ಎನ್ನುತ್ತಾರೆ ಪುಡಿಯಕ್ಕ. ಈಗ ಮಾತ್ರ ಪೂರ್ತಿ ನಗುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಬರುವ ಉತ್ತರ ನಿದ್ದೆ. ಬಿಸಿಲು ಮುಖಕ್ಕೆ ಬಿದ್ದ ಮೇಲೆ ಏಳುವಂಥ ಒಂದು ನಿದ್ದೆ. ಹೊಸ ಓವನ್ನು ಬೇಡ, ಅಂಗಡಿ ಬೇಡ, ಬೋರ್ಡು ಬೇಡ. ಮತ್ತೆ, ಈ ಬಿಸಿ ಒಂದು ದಿನ ಹೋಗುತ್ತದಲ್ಲ, ಕೈ ಮೊದಲಿನಂತೆ ತಣ್ಣಗಾದರೆ? ಎಂದರೆ ಅವರು ಒದ್ದೆ ಅಂಗೈಗಳನ್ನು ಮಗುಚಿ ನೋಡಿಕೊಳ್ಳುತ್ತಾರೆ. ಮೇಲಿನ ಕಿಟಕಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸುತ್ತಾರೆ.

"ನೀವು ಬರೆದುಕೊಂಡರೂ ಚಿಂತೆ ಇಲ್ಲ. ಅವಳು ಪೇಪರ್ ತರಿಸೋದು ಫ್ರಾಕಿನ ಅಳತೆ ಕತ್ತರಿಸೋಕೆ, ಓದೋಕಲ್ಲ. ತಣ್ಣಗಾದ್ರೆ ಆಗಲಿ. ಅವಳಿಗೆ ಮಾತ್ರ 'ಕೈ ಇನ್ನೂ ಸುಡ್ತಿದೆ ಕಣೇ, ಬಾ' ಅಂತಲೇ ಹೇಳ್ತೀನಿ."